ಲೇಪನಕ್ಕೆ ಲೆಕ್ಕ ಎಲ್ಲಿದೆ?

ಕೃತಕ ಕೀಲು, ಹಲ್ಲಿನ ಇಂಪ್ಲಾಂಟ್, ಮುರಿದ ಮೂಳೆಗೆ ಹಾಕುವ ಪ್ಲೇಟು, ಯಾವುದೇ ಇರಲಿ, ರೋಗಿಯ ಕಡೆಯವರು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಯಾವ ಕಂಪನಿಯದು, ಎಷ್ಟಾಗುತ್ತದೆ? ಅದರ ಮೇಲ್ಮೈ ಎಂಥದ್ದು ಎಂದು ಕೇಳುವವರಿಲ್ಲ. ಮೂಳೆ ಆ ಲೋಹವನ್ನು ತನ್ನದಾಗಿಸಿಕೊಳ್ಳುತ್ತದೋ ದೂರ ಇಡುತ್ತದೋ ಎಂಬುದರಲ್ಲಿ ದೊಡ್ಡ ಪಾಲು ಆ ಮೇಲ್ಮೈಯದ್ದು. ಅದೂ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿನಷ್ಟು ಸಣ್ಣ ಉಬ್ಬುತಗ್ಗುಗಳದ್ದು.

ಇದರ ಕಥೆ ಶುರುವಾದದ್ದು ಸ್ವೀಡನ್ನಿನಲ್ಲಿ. 1952ರಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲೆಂದು ಟೈಟಾನಿಯಂನ ಪುಟ್ಟ ಉಪಕರಣವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಹೊರತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದರ ಸುತ್ತ ಬೆಳೆದು ಕಚ್ಚಿಕೊಂಡುಬಿಟ್ಟಿತ್ತು. ಬೇರೆಯವರಾದರೆ ಉಪಕರಣ ಹಾಳಾಯಿತೆಂದು ಸುಮ್ಮನಾಗುತ್ತಿದ್ದರೇನೋ. ಬ್ರೋನೆಮಾರ್ಕ್ ಅದರ ಬೆನ್ನು ಹತ್ತಿದರು. 1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಮೊದಲ ರೋಗಿಯ ಕೆಳದವಡೆಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದರು. ಆತ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಗಟ್ಟಿಯಾಗಿಯೇ ಇದ್ದವು. ಆ ಕಾಲದ ಇಂಪ್ಲಾಂಟುಗಳಿಗೆ ಇಂದಿನ ಯಾವ ವಿಶೇಷ ಲೇಪನವೂ ಇರಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಲೇತಿನಲ್ಲಿ ಕಡೆದ ಲೋಹ, ಅದರ ಮೇಲೆ ಗಾಳಿ ತಾಗಿದೊಡನೆ ತಾನಾಗಿಯೇ ಮೂಡುವ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ, ಇಷ್ಟೇ.

ಹಾಗಾದರೆ ಲೇಪನ ಏಕೆ ಬೇಕಾಯಿತು? ಬ್ರೋನೆಮಾರ್ಕ್ ವಿಧಾನದಲ್ಲಿ ಮೂಳೆ ಬೆಸೆದುಕೊಳ್ಳಲು ಮೂರರಿಂದ ಆರು ತಿಂಗಳು ಕಾಯಬೇಕಿತ್ತು. ಮೇಲ್ಮೈಯನ್ನು ಮರಳಿನಂಥ ಕಣಗಳನ್ನು ರಭಸದಿಂದ ಚಿಮ್ಮಿಸಿ, ಆಮ್ಲದಲ್ಲಿ ಅದ್ದಿ ತರಿತರಿ ಮಾಡಿದಾಗ ಈ ಅವಧಿ ಎಷ್ಟೋ ಕಡೆ ಆರೆಂಟು ವಾರಕ್ಕೆ ಇಳಿಯಿತು. ನುಣುಪಾದ ಕಾಂಕ್ರೀಟಿಗೆ ಗಾರೆ ಹಿಡಿಯಲೆಂದು ಮೇಸ್ತ್ರಿ ಮೊದಲು ಉಳಿಯಿಂದ ಕಚ್ಚು ಹೊಡೆಯುತ್ತಾನಲ್ಲ, ಇದೂ ಅಷ್ಟೇ ಎಂದು ಮೊದಮೊದಲು ಅನೇಕರು ಭಾವಿಸಿದರು. ಆದರೆ ಗಾರೆಗೆ ಜೀವವಿಲ್ಲ. ಇಲ್ಲಿ ಲೋಹವನ್ನು ಹಿಡಿಯಬೇಕಾದದ್ದು ಜೀವಕೋಶ.

ಇಂಪ್ಲಾಂಟ್ ಒಳಗೆ ಕೂತ ಕ್ಷಣದಲ್ಲೇ ರಕ್ತದಲ್ಲಿರುವ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಹಾಗಾಗಿ ಅಸ್ಥಿಮಜ್ಜೆಯಿಂದ ಬರುವ ಆಕರಕೋಶ, ಅಂದರೆ ಸ್ಟೆಮ್ ಸೆಲ್, ನೇರವಾಗಿ ಮುಟ್ಟುವುದು ಲೋಹವನ್ನಲ್ಲ, ಈ ಪ್ರೋಟೀನಿನ ಪದರವನ್ನು. ಕೋಶದ ಹೊರಪೊರೆಯಲ್ಲಿರುವ ಇಂಟೆಗ್ರಿನ್ ಎಂಬ ಕೊಂಡಿಗಳು ಆ ಪದರವನ್ನು ಹಿಡಿದು ಎಳೆಯುತ್ತವೆ. ಹಿಡಿತ ಚೆನ್ನಾಗಿ ಸಿಕ್ಕರೆ ಕೋಶ ಮೈಚಾಚಿ ಹರಡುತ್ತದೆ, ಆ ಎಳೆತ ಒಳಗಿನ ಎಳೆಗಳ ಮೂಲಕ ಕೋಶಕೇಂದ್ರದವರೆಗೂ ಮುಟ್ಟುತ್ತದೆ, ಮೂಳೆ ಕಟ್ಟುವ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಹಿಡಿತ ಸಿಗದೆ ಮುದುಡಿ ದುಂಡಗಾದರೆ ಅದೇ ಕೋಶ ಕೊಬ್ಬಿನ ಕೋಶವಾಗುವ ದಾರಿ ಹಿಡಿಯುತ್ತದೆ. ಔಷಧವಿಲ್ಲ, ಹಾರ್ಮೋನಿಲ್ಲ. ಕಾಲೂರಿದ ನೆಲದ ಆಕಾರವೇ ಜೀವಕೋಶದ ಹಣೆಬರಹ ಬದಲಿಸುತ್ತದೆ. ಜೀವವಿಜ್ಞಾನದಲ್ಲಿ ಇದಕ್ಕಿಂತ ಬೆರಗು ಹುಟ್ಟಿಸುವ ಸಂಗತಿಗಳು ಹೆಚ್ಚಿಲ್ಲ ಎಂದು ನನ್ನ ಅನಿಸಿಕೆ.

2007ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಮ್ಯಾಥ್ಯೂ ಡಾಲ್ಬಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಸಾದಾ ಪ್ಲಾಸ್ಟಿಕ್ ಹಾಳೆಯ ಮೇಲೆ 120 ನ್ಯಾನೊಮೀಟರ್ ಅಗಲದ ಕುಳಿಗಳನ್ನು ಒತ್ತಿ, ಅದರ ಮೇಲೆ ಮನುಷ್ಯರ ಆಕರಕೋಶಗಳನ್ನು ಬೆಳೆಸಿದರು. ಕುಳಿಗಳು ಚದುರಂಗದ ಮಣೆಯಂತೆ ಅಚ್ಚುಕಟ್ಟಾಗಿದ್ದಲ್ಲಿ ಮೂಳೆಯ ಲಕ್ಷಣ ಅಷ್ಟಾಗಿ ಮೂಡಲಿಲ್ಲ. ಎಲ್ಲೆಂದರಲ್ಲಿ ಚೆಲ್ಲಿದಂತಿದ್ದಲ್ಲೂ ಪೂರ್ತಿ ಮೂಡಲಿಲ್ಲ. ಸಾಲಾಗಿಯೇ ಇದ್ದು, ಒಂದೊಂದು ಕುಳಿ ಮಾತ್ರ ತನ್ನ ಜಾಗದಿಂದ 50 ನ್ಯಾನೊಮೀಟರಿನೊಳಗೆ ಅತ್ತಿತ್ತ ಸರಿದಿದ್ದ ಹಾಳೆಯಲ್ಲಿ ಮೂಳೆಯ ಖನಿಜ ಕಟ್ಟತೊಡಗಿತು! ಇದಕ್ಕೂ ಒಂದು ವರ್ಷ ಮೊದಲು, ಅಮೆರಿಕದ ಆಡಂ ಎಂಗ್ಲರ್ ಮತ್ತು ಡೆನಿಸ್ ಡಿಷರ್, ನೆಲ ಮೆತ್ತಗಿದ್ದರೆ ಆಕರಕೋಶ ನರಕೋಶದ ಕಡೆಗೂ ಗಟ್ಟಿಯಾಗಿದ್ದರೆ ಮೂಳೆಯ ಕಡೆಗೂ ವಾಲುತ್ತದೆಂದು ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡವೂ ಜೈವಿಕ ವಸ್ತುಗಳ ಮೇಲೆ, ವಿದ್ಯುತ್ತಿನ ಪ್ರಚೋದನೆಗೆ ಆಕರಕೋಶಗಳು ಹೇಗೆ ಸ್ಪಂದಿಸುತ್ತವೆ ಎಂಬುದರ ಮೇಲೆ ಕೆಲಸ ಮಾಡಿದೆ.

ಇಷ್ಟೆಲ್ಲ ಓದಿದರೆ, ಸರಿಯಾದ ಮೇಲ್ಮೈ ಕೆತ್ತಿಬಿಟ್ಟರೆ ಮುಗಿಯಿತು ಎನ್ನಿಸುತ್ತದೆ. ಎಚ್ಚರ ಬೇಕಾದದ್ದು ಇಲ್ಲೇ. ಟೈಟಾನಿಯಂ ಮೇಲೆ ವಿದ್ಯುತ್ ರಾಸಾಯನಿಕ ವಿಧಾನದಿಂದ ಅತಿಸಣ್ಣ ಕೊಳವೆಗಳ ಪದರ ಬೆಳೆಸಬಹುದು. 2007ರಲ್ಲಿ ಜರ್ಮನಿಯ ಒಂದು ತಂಡ, 15 ನ್ಯಾನೊಮೀಟರ್ ಬಾಯಿಯ ಕೊಳವೆಗಳ ಮೇಲೆ ಆಕರಕೋಶಗಳು ಸಮೃದ್ಧವಾಗಿ ಬೆಳೆದವು, 100 ನ್ಯಾನೊಮೀಟರಿನವುಗಳ ಮೇಲೆ ಸತ್ತವು ಎಂದು ವರದಿ ಮಾಡಿತು. ಎರಡೇ ವರ್ಷದಲ್ಲಿ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ, 70ರಿಂದ 100 ನ್ಯಾನೊಮೀಟರಿನ ಕೊಳವೆಗಳ ಮೇಲೆಯೇ ಆಕರಕೋಶಗಳು ಉದ್ದವಾಗಿ ಚಾಚಿ ಮೂಳೆಕೋಶವಾಗಲು ಹೊರಟವು ಎಂದು ಬರೆಯಿತು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಸಮರ್ಥರು. ಕೊಳವೆ ಮಾಡಿದ ರೀತಿ, ಕಾಯಿಸಿದ ಉಷ್ಣಾಂಶ, ತೊಳೆದ ವಿಧಾನ ಒಂದಿಷ್ಟು ಬದಲಾದರೂ ಸಾಕು, ಜೀವಕೋಶದ ಉತ್ತರ ಬದಲಾಗಬಹುದು. ಗಾಜಿನ ತಟ್ಟೆಯಲ್ಲೇ ಹೀಗಾದರೆ ಅರುವತ್ತೈದು ದಾಟಿದ, ಸಕ್ಕರೆ ಕಾಯಿಲೆಯಿರುವ, ಮೂಳೆ ಸವೆದ ದೇಹದೊಳಗೆ ಏನಾದೀತು? ತರಿತರಿ ಮೇಲ್ಮೈ ಜೀವಕೋಶಕ್ಕೆ ಹಿತವಾದಂತೆ ಬ್ಯಾಕ್ಟೀರಿಯಾಕ್ಕೂ ಹಿತ. ಮೊದಲು ಯಾರು ನೆಲೆಯೂರುತ್ತಾರೋ ಅವರದೇ ಗೆಲುವು ಎಂದು ಮೂಳೆ ಶಸ್ತ್ರಚಿಕಿತ್ಸಕ ಆಂಥನಿ ಗ್ರಿಸ್ಟಿನಾ 1987ರಲ್ಲೇ ಎಚ್ಚರಿಸಿದ್ದರು.

ಲೇಪನಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಹೈಡ್ರಾಕ್ಸಿಅಪಟೈಟ್, ನಮ್ಮ ಮೂಳೆಯಲ್ಲಿರುವ ಖನಿಜದ ಬಂಧು. 1980ರ ದಶಕದ ನಡುವಿನಿಂದ ಅದನ್ನು ಅತ್ಯುಷ್ಣ ಪ್ಲಾಸ್ಮಾದಲ್ಲಿ ಕರಗಿಸಿ ಸೊಂಟದ ಕೀಲುಗಳ ಮೇಲೆ ಸಿಂಪಡಿಸಲಾಗುತ್ತಿದೆ. ಮೂಳೆಯದೇ ಖನಿಜ ಕಂಡ ಆಕರಕೋಶ ಒಪ್ಪದಿರುತ್ತದೆಯೇ ಎಂಬ ತರ್ಕ ಚೆನ್ನಾಗಿಯೇ ಇತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೂಳೆ ಬೇಗ ಬೆಳೆದದ್ದೂ ನಿಜ. ಆದರೆ ಸ್ವೀಡನ್ 1979ರಿಂದ ತನ್ನ ದೇಶದ ಸೊಂಟದ ಕೀಲು ಬದಲಾವಣೆಗಳ ದಾಖಲೆ ಇಟ್ಟಿದೆ. ಆ ದಾಖಲೆಯನ್ನು ಜಾಲಾಡಿ 2010ರಲ್ಲಿ ಬಂದ ವಿಶ್ಲೇಷಣೆ, ಈ ಲೇಪನವಿದ್ದ ಕೀಲಿನ ಬಟ್ಟಲುಗಳನ್ನು ಮತ್ತೆ ಬದಲಿಸಬೇಕಾಗಿ ಬರುವ ಅಪಾಯ ಹೆಚ್ಚು ಎಂದಿತು. ಮರುವರ್ಷದ್ದು, ತೊಡೆಮೂಳೆಯೊಳಗಿನ ಕಾಂಡದ ಬಾಳಿಕೆಯಲ್ಲಿ ಲೇಪನದಿಂದ ವ್ಯತ್ಯಾಸವೇ ಕಾಣಲಿಲ್ಲ ಎಂದಿತು. ಪ್ರಯೋಗಾಲಯ ಹೇಳಿದ್ದು ಸುಳ್ಳಲ್ಲ. ಅದು ಮೊದಲ ಕೆಲವು ವಾರಗಳ ಮಾತು. ರೋಗಿಗೆ ಬೇಕಿರುವುದು ಇಪ್ಪತ್ತು ವರ್ಷದ ಬಾಳಿಕೆ.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ ನೋಡಿ. ಹೆಚ್ಚಿನ ಮಂಡಿ ಬದಲಾವಣೆಗಳಲ್ಲಿ ಇಂಪ್ಲಾಂಟನ್ನು ಬೋನ್ ಸಿಮೆಂಟ್ ಹಾಕಿ ಕೂರಿಸುತ್ತಾರೆ. ಮೂಳೆಗೂ ಲೋಹಕ್ಕೂ ನಡುವೆ ಸಿಮೆಂಟಿನ ಪದರ ಇರುವಲ್ಲಿ ಆಕರಕೋಶವನ್ನು ಸೆಳೆಯುವ ಮೇಲ್ಮೈಯಿಂದ ಪ್ರಯೋಜನವೇನು? ಇನ್ನು ಜಾಹೀರಾತುಗಳಲ್ಲಿ ಮೆರೆಯುವ ಚಿನ್ನದ ಬಣ್ಣದ ಮಂಡಿ. ಅದು ಚಿನ್ನವಲ್ಲ, ಟೈಟಾನಿಯಂ ನೈಟ್ರೈಡಿನಂಥ ಗಟ್ಟಿ ಲೇಪನ. ಲೋಹದ ಅಯಾನುಗಳು ಹೊರಬರುವುದನ್ನು ತಗ್ಗಿಸುವುದು, ಸವೆತ ತಡೆಯುವುದು ಅದರ ಉದ್ದೇಶ. ಲೋಹದ ಅಲರ್ಜಿ ಇರುವವರಿಗೆ ವೈದ್ಯರು ಅದನ್ನು ಸೂಚಿಸಿದರೆ ಅದು ಬೇರೆ ಮಾತು. ಎಲ್ಲರಿಗೂ ಅದೇ ಮೇಲು ಎನ್ನಲು ಆಧಾರ ಸಾಲದು. ಲೇಪನ ಇದ್ದ ಮತ್ತು ಇಲ್ಲದ ಮಂಡಿಗಳನ್ನು ಐದು ವರ್ಷ ಹೋಲಿಸಿ ನೋಡಿದ ಅಧ್ಯಯನದಲ್ಲಿ ರೋಗಿಗಳ ನೋವು, ಓಡಾಟದಲ್ಲಿ ಅಂತರ ಕಂಡಿಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟುಗಳ ಬೆಲೆಗೆ ಮಿತಿ ಹಾಕಿದಾಗ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂ ಮಂಡಿಗೆ 76,600 ರೂಪಾಯಿ ನಿಗದಿಯಾಯಿತು. ಬೆಲೆ ಕಟ್ಟಲು ತೋರಿದ ಈ ಆಸಕ್ತಿಯನ್ನು ಬಾಳಿಕೆ ಅಳೆಯಲೂ ತೋರಬೇಕಿತ್ತು.

ಆಕರಕೋಶಗಳನ್ನೇ ಚುಚ್ಚಿ ಸವೆದ ಮಂಡಿ ಸರಿಮಾಡುತ್ತೇವೆ ಎನ್ನುವವರ ಬಗ್ಗೆ ಒಂದೇ ಮಾತು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತಸಂಬಂಧಿ ಮತ್ತಿತರ ನಿಗದಿತ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ ಉಳಿದದ್ದೆಲ್ಲ ನೋಂದಾಯಿತ ಪ್ರಯೋಗದ ಚೌಕಟ್ಟಿನಲ್ಲಿ ಮಾತ್ರ ನಡೆಯಬೇಕು. ಪ್ರಯೋಗಕ್ಕೆ ರೋಗಿಯಿಂದ ಲಕ್ಷಗಟ್ಟಲೆ ವಸೂಲು ಮಾಡುವುದು ಅನ್ಯಾಯ.

ಬಾಳಿಕೆ ಅಳೆಯುವ ಮಾತಿಗೆ ಮರಳಿದರೆ, ಭಾರತದ ಸೊಂಟ ಮತ್ತು ಮಂಡಿ ಶಸ್ತ್ರಚಿಕಿತ್ಸಕರ ಸಂಘ ಕೀಲು ಬದಲಾವಣೆಗಳ ತನ್ನದೇ ದಾಖಲಾತಿ ನಡೆಸುತ್ತಿದೆ, ಅದು ಮೆಚ್ಚತಕ್ಕದ್ದು. ಆದರೆ ಅದು ವೈದ್ಯರು ಸ್ವಇಚ್ಛೆಯಿಂದ ಕೊಡುವ ಮಾಹಿತಿ. ದೇಹದೊಳಗೆ ಕೂರಿಸುವ ಪ್ರತಿ ಕೀಲಿನ ಲೋಹ, ಲೇಪನ, ಬ್ಯಾಚ್ ನಂಬರ್ ಕಡ್ಡಾಯವಾಗಿ ದಾಖಲಾಗಬೇಕು, ಮತ್ತೆ ಶಸ್ತ್ರಚಿಕಿತ್ಸೆಯಾದರೆ ಅದೂ ಅಲ್ಲೇ ಸೇರಬೇಕು. ಸರ್ಕಾರಿ ವಿಮೆಯಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗಳಿಂದ ಕರ್ನಾಟಕವೇ ಇದನ್ನು ಆರಂಭಿಸಬಹುದು. ಹಣ ಕೊಡುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ಇಂಪ್ಲಾಂಟ್ ಡಬ್ಬಿಯ ಜೊತೆ ಅದರ ವಿವರದ ಸ್ಟಿಕ್ಕರುಗಳು ಬರುತ್ತವೆ. ಮನೆಯವರ ಆಪರೇಷನ್ ಆದಾಗ ಅದರಲ್ಲೊಂದನ್ನು ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿಕೊಡಿ ಎಂದು ಕೇಳಿ ಪಡೆಯಿರಿ, ಜೋಪಾನವಾಗಿಡಿ.