ನೆಲ ಒರೆಸುವವರ ರಕ್ತ ಹೇಳಿದ್ದೇನು?

ಆಸ್ಪತ್ರೆಯಲ್ಲಿ ಕೊರೊನಾ ಹೆಚ್ಚು ತಗುಲಿದ್ದು ಯಾರಿಗೆ ಎಂದು ಕೇಳಿ ನೋಡಿ. ಬೆರಳು ಹೋಗುವುದು ಐಸಿಯು ಕಡೆಗೇ. ವೆಂಟಿಲೇಟರ್ ನಳಿಕೆ ಇಳಿಸುವ ವೈದ್ಯರು, ಸೋಂಕಿತರ ತಲೆದೆಸೆಯಲ್ಲೇ ಪಾಳಿ ಕಳೆಯುವ ನರ್ಸ್‌ಗಳು ಇರುವುದು ಅಲ್ಲೇ ತಾನೆ? ರಕ್ತ ಪರೀಕ್ಷೆ ಹೇಳಿದ್ದು ಬೇರೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಆಸ್ಪತ್ರೆಗಳಲ್ಲಿ 2020ರ ಏಪ್ರಿಲ್ ಕೊನೆಯ ವಾರ 516 ಸಿಬ್ಬಂದಿಯ ರಕ್ತ ಪರೀಕ್ಷಿಸಿದರು. ಅಂದು ಯಾರಿಗೂ ಜ್ವರ, ಕೆಮ್ಮು ಇರಲಿಲ್ಲ. ಎಲ್ಲರೂ ಕೆಲಸಕ್ಕೆ ಬಂದವರು. ಆದರೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪ್ರತಿಕಾಯ, ಅಂದರೆ ಸೋಂಕು ಬಂದುಹೋದ ಗುರುತು ಇತ್ತು. ಐಸಿಯು ಸಿಬ್ಬಂದಿಯಲ್ಲಿ ಅದರ ಪ್ರಮಾಣ ಶೇ 14.8, ಸ್ವಚ್ಛತಾ ಸಿಬ್ಬಂದಿಯಲ್ಲಿ ಶೇ 34.5. ಆಕ್ಸ್‌ಫರ್ಡ್‌ನ ಆಸ್ಪತ್ರೆಗಳಲ್ಲಿ ಹತ್ತು ಸಾವಿರ ಸಿಬ್ಬಂದಿಯನ್ನು ಪರೀಕ್ಷಿಸಿದಾಗಲೂ ಅದೇ ಚಿತ್ರ. ಒಟ್ಟಾರೆ ಶೇ 11ರಷ್ಟಿದ್ದ ಪ್ರಮಾಣ, ಸ್ಟ್ರೆಚರ್ ತಳ್ಳುವವರು ಮತ್ತು ನೆಲ ಒರೆಸುವವರಲ್ಲಿ ಶೇ 18.6 ಇತ್ತು.

ಐಸಿಯುನಲ್ಲಿ ಅಪಾಯ ಕಣ್ಣೆದುರೇ ಇತ್ತು, ಹಾಗಾಗಿ ಒಳ್ಳೆಯ ಮಾಸ್ಕು, ಪಿಪಿಇ ಕಿಟ್ಟು ಮೊದಲು ಅಲ್ಲಿಗೆ ಹೋದವು. ವಾರ್ಡಿನಿಂದ ವಾರ್ಡಿಗೆ ಬಕೆಟ್ ಹಿಡಿದು ಓಡಾಡುವವರ ನೆನಪು ಬಂದದ್ದು ಆಮೇಲೆ. ವ್ಯತ್ಯಾಸಕ್ಕೆ ಇದೊಂದೇ ಕಾರಣ ಎನ್ನಲಾಗದು. ಮನೆ, ಬಡಾವಣೆ, ಬಸ್ಸು ಎಲ್ಲವೂ ಸೇರುತ್ತವೆ. ಆದರೆ ಆಸ್ಪತ್ರೆಯ ಕೈಯಲ್ಲಿದ್ದದ್ದು ಮಾಸ್ಕು ಒಂದೇ.

ನಮ್ಮಲ್ಲೂ ಲೆಕ್ಕ ನಡೆಯಿತು. ರಕ್ತದಲ್ಲಿ ಪ್ರತಿಕಾಯ ಹುಡುಕುವ ಸೆರೊ ಸಮೀಕ್ಷೆಯ ಮೊದಲ ಸುತ್ತು ಕರ್ನಾಟಕದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಆಸ್ಪತ್ರೆಗಳನ್ನೇ ನೆಲೆಯಾಗಿಸಿಕೊಂಡಿತು. ತಪಾಸಣೆಗೆ ಬಂದ ಗರ್ಭಿಣಿಯರು, ರೋಗಿಗಳ ಜೊತೆ ಬಂದವರೂ ರಕ್ತ ಕೊಟ್ಟರು. ಆ ಹೊತ್ತಿಗಾಗಲೇ ರಾಜ್ಯದ ಶೇ 27ರಷ್ಟು ಜನರಿಗೆ ಸೋಂಕು ತಗುಲಿತ್ತು ಎಂಬ ಅಂದಾಜು ಬಂತು. ಪತ್ತೆಯಾದ ಒಂದು ಪ್ರಕರಣದ ಹಿಂದೆ 40 ಸೋಂಕುಗಳು! ದಿನದ ಬುಲೆಟಿನ್ ನಂಬಿ ಕೂತಿದ್ದ ನಮಗೆ ಅದು ಬೆಪ್ಪಾಗುವ ಸಂಗತಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಡಿಸೆಂಬರ್ ಮತ್ತು 2021ರ ಜನವರಿಯಲ್ಲಿ ನಡೆಸಿದ ರಾಷ್ಟ್ರೀಯ ಸೆರೊ ಸಮೀಕ್ಷೆಯ ಮೂರನೇ ಸುತ್ತಿನಲ್ಲಿ ದೇಶದ ವಯಸ್ಕರಲ್ಲಿ ಶೇ 21.4, ಆರೋಗ್ಯ ಸಿಬ್ಬಂದಿಯಲ್ಲಿ ಶೇ 25.7 ಮಂದಿಗೆ ಪ್ರತಿಕಾಯ ಕಂಡಿತು. 2021ರ ಜೂನ್–ಜುಲೈ ಹೊತ್ತಿಗೆ ಸಿಬ್ಬಂದಿಯ ಪ್ರಮಾಣ ಶೇ 85.2ಕ್ಕೆ ಏರಿತು. ಆದರೆ ಅಷ್ಟರಲ್ಲಿ ಲಸಿಕೆ ಬಂದಿತ್ತು. ಕೋವಿಶೀಲ್ಡ್ ವೈರಸ್ಸಿನ ಸ್ಪೈಕ್ ಭಾಗಕ್ಕೆ ಮಾತ್ರ ಪ್ರತಿಕಾಯ ಹುಟ್ಟಿಸುತ್ತದೆ. ಕೊವ್ಯಾಕ್ಸಿನ್‌ನಲ್ಲಿ ಇಡೀ ವೈರಸ್ಸೇ ನಿಷ್ಕ್ರಿಯ ರೂಪದಲ್ಲಿದೆ. ಹಾಗಾಗಿ ಕಂಡ ಪ್ರತಿಕಾಯ ಸೋಂಕಿನ ಗುರುತೋ ಲಸಿಕೆಯ ಗುರುತೋ ಎಂದು ಬಿಡಿಸುವುದು ಕಷ್ಟವಾಯಿತು. ಕಾಲ ಸರಿದಂತೆ ಪ್ರತಿಕಾಯದ ಮಟ್ಟವೂ ಇಳಿಯುತ್ತದೆ. ತಡವಾಗಿ ತೆಗೆದ ರಕ್ತ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ನನ್ನ ಇನ್ನೊಂದು ತಕರಾರು ಇಂಥ ಸರಾಸರಿಯ ಮೇಲೆ. ‘ಆರೋಗ್ಯ ಸಿಬ್ಬಂದಿ’ ಎಂಬ ಒಂದೇ ಪದದೊಳಗೆ ಸರ್ಜನ್ನರೂ ಸೇರುತ್ತಾರೆ, ಹೊರಗುತ್ತಿಗೆಯ ಡಿ ಗ್ರೂಪ್ ನೌಕರರೂ ಸೇರುತ್ತಾರೆ. ಸಂಬಳದ ಪಟ್ಟಿಯಲ್ಲಿ ಇವರನ್ನು ಬೇರೆ ಬೇರೆ ಬರೆಯಲು ಮರೆಯದ ನಾವು, ರೋಗದ ಪಟ್ಟಿಯಲ್ಲಿ ಮಾತ್ರ ಒಂದೇ ಸಾಲಿನಲ್ಲಿ ನಿಲ್ಲಿಸುತ್ತೇವೆ.

ಆಸ್ಪತ್ರೆಗಳ ಆಡಳಿತಗಾರರಲ್ಲಿ ಒಂದೇ ವಿನಂತಿ. ಮುಂದಿನ ಸಾಂಕ್ರಾಮಿಕ ಬಂದಾಗ ಮೊದಲ ತಿಂಗಳಲ್ಲೇ ಸಿಬ್ಬಂದಿಯ ರಕ್ತ ಪರೀಕ್ಷಿಸಿ, ಕೆಲಸವಾರು ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ಯಾವ ಸಾಲಿನ ಸಂಖ್ಯೆ ದೊಡ್ಡದೋ, ಮಾಸ್ಕಿನ ಮುಂದಿನ ಪೆಟ್ಟಿಗೆ ಆ ಸಾಲಿನವರಿಗೆ ಹೋಗಲಿ.