ಕೂಡಿ ಬಂದ ಲೆಕ್ಕವೆಲ್ಲ ನಿಜವಲ್ಲ

ಹೊಸ ವರ್ಷದ ಪಾಠಗಳು ಆರಂಭವಾದೊಡನೆ ಹತ್ತನೆಯ ಇಯತ್ತೆಯ ಹುಡುಗ ಹುಡುಗಿಯರ ಮುಂದೆ ಬಂದು ನಿಲ್ಲುವ ತೊಡಕುಗಳಲ್ಲಿ ರಾಸಾಯನಿಕ ಸಮೀಕರಣವು ಒಂದು. ಎಡಗಡೆಗೆ ಕೆಲವು ಅಕ್ಷರಗಳು, ನಡುವೆ ಒಂದು ಬಾಣ, ಬಲಗಡೆಗೆ ಮತ್ತೆ ಕೆಲವು ಅಕ್ಷರಗಳು. ಎರಡೂ ಕಡೆಗೆ ಅಂಕೆಗಳನ್ನು ಹೊಂದಿಸಿ ಲೆಕ್ಕವನ್ನು ಸರಿದೂಗಿಸಬೇಕು. ಕೂಡಿದರೆ ಮಾರ್ಕು, ಕೂಡದಿದ್ದರೆ ಸೊನ್ನೆ. ಇಷ್ಟಾದರೆ ಪಾಠವು ಮುಗಿಯಿತೆಂದು ಮಕ್ಕಳೂ ತಿಳಿಯುತ್ತಾರೆ, ಮಾಸ್ತರರಲ್ಲಿ ಅನೇಕರೂ ತಿಳಿಯುತ್ತಾರೆ. ಈ ತಿಳಿವಳಿಕೆಯು ತಪ್ಪೆಂದೂ, ಇದರಿಂದ ಮಾರ್ಕುಗಳಿಗಿಂತ ಬೆಲೆಯುಳ್ಳದ್ದೊಂದು ಹಾಳಾಗುತ್ತಿರುವದೆಂದೂ ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಈ ಪಾಠವು ನಡೆದಿರುವಾಗ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡುವ ಪ್ರಸಂಗವು ನಮಗೆ ಬಂದಿತ್ತು. ಜಲಜನಕವೂ ಆಮ್ಲಜನಕವೂ ಕೂಡಿ ನೀರಾಗುವ ಸಮೀಕರಣವನ್ನು ಮಾಸ್ತರರು ಕೊಟ್ಟಿದ್ದರು. ಎಡಕ್ಕೆ ಆಮ್ಲಜನಕದ ಪರಮಾಣುಗಳು ಎರಡು. ಬಲಕ್ಕೆ ನೀರಿನ ಅಣುವಿನಲ್ಲಿ ಒಂದೇ. ಚುರುಕಾದ ಹುಡುಗನೊಬ್ಬನು ಎದ್ದು ಹೋಗಿ, ನೀರಿನ ಸೂತ್ರದಲ್ಲಿ ಆಮ್ಲಜನಕದ ಅಕ್ಷರದಡಿಗೆ ಎರಡೆಂಬ ಚಿಕ್ಕ ಅಂಕೆಯನ್ನು ಬರೆದು, "ಕೂಡಿತು ಸರ್" ಎಂದನು. "ತಪ್ಪು, ಅಡಿಯ ಅಂಕೆಯನ್ನು ಮುಟ್ಟಬಾರದು" ಎಂದು ಮಾಸ್ತರರು ಅದರ ಮೇಲೆ ಗೀಟು ಎಳೆದರು. ಯಾಕೆ ಮುಟ್ಟಬಾರದೆಂದು ಹುಡುಗನು ಕೇಳಲಿಲ್ಲ, ಮಾಸ್ತರರೂ ಹೇಳಲಿಲ್ಲ. ಎರಡೂ ಕಡೆಗೆ ಎರಡೆರಡು ಪರಮಾಣುಗಳಿದ್ದುದು ನಿಜವಾಗಿರಲು, ತನ್ನ ತಪ್ಪೇನೆಂಬುದು ತಿಳಿಯದೆ ಅವನು ಮುಖ ಸಣ್ಣದು ಮಾಡಿಕೊಂಡು ಕುಳಿತನು.

ಅವನ ತಪ್ಪು ಇಷ್ಟೇ: ಅವನು ಬರೆದದ್ದು ನೀರಲ್ಲ, ಜಲಜನಕದ ಪೆರಾಕ್ಸೈಡು. ಅದನ್ನು ನೀರಿನಲ್ಲಿ ತೆಳುವಾಗಿಸಿ ಗಾಯ ತೊಳೆಯುವದಕ್ಕೆಂದು ಔಷಧದ ಅಂಗಡಿಗಳಲ್ಲಿ ಮಾರುತ್ತಾರೆ. ಗಟ್ಟಿಯಾಗಿದ್ದರೆ ಚರ್ಮವನ್ನೇ ಸುಡುತ್ತದೆ. ಬಾಯಾರಿ ಬಂದವನಿಗೆ ನೀರಿನ ಹೆಸರಿನಲ್ಲಿ ಅದನ್ನು ಕೊಡಬಹುದೇ? ಅಡಿಯ ಚಿಕ್ಕ ಅಂಕೆಯು ವಸ್ತು ಯಾವದೆಂಬುದನ್ನು ಹೇಳುತ್ತದೆ; ಮುಂದಿನ ದೊಡ್ಡ ಅಂಕೆಯು ಆ ವಸ್ತು ಎಷ್ಟೆಂಬುದನ್ನು ಹೇಳುತ್ತದೆ. ಲೆಕ್ಕವು ಕೂಡದಿದ್ದಾಗ ಅಂಗಡಿಕಾರನು ಅಕ್ಕಿಯ ಚೀಲಗಳನ್ನು ಮತ್ತೆ ಎಣಿಸಬಹುದು. ಅಕ್ಕಿಯನ್ನು ಜೋಳವೆಂದು ಬರೆದು ಕೂಡಿಸಬಾರದು. ಈ ಎರಡು ಮಾತುಗಳನ್ನು ಅಂದು ಹೇಳಿದ್ದರೆ ಆ ಹುಡುಗನು ಆಜನ್ಮ ಮರೆಯುತ್ತಿರಲಿಲ್ಲ. ನೀರನ್ನು ನೀರಾಗಿಯೇ ಉಳಿಸಿ ಅವನು ಹೀಗೆ ಬರೆಯುತ್ತಿದ್ದನು:

ಎರಡು ಅಣು ಜಲಜನಕ + ಒಂದು ಅಣು ಆಮ್ಲಜನಕ → ಎರಡು ಅಣು ನೀರು.

ಸಮೀಕರಣವು ಜಮಾಖರ್ಚಿನಿಂದಲೇ ಹುಟ್ಟಿದ ವಿದ್ಯೆಯೆಂಬುದನ್ನು ನಾವು ಇಲ್ಲಿ ನೆನಪಿಗೆ ತರುತ್ತೇವೆ. ಫ್ರಾನ್ಸಿನ ಲವೋಸಿಯೆಯು ಸರಕಾರದ ತೆರಿಗೆಯ ವಸೂಲಿಯನ್ನು ಗುತ್ತಿಗೆ ಹಿಡಿದ ಮಂಡಲಿಯಲ್ಲಿ ಪಾಲುಗಾರನಾಗಿದ್ದನು. ಆ ಕಾರಣದಿಂದಲೇ ೧೭೯೪ರಲ್ಲಿ ಕ್ರಾಂತಿಯವರು ಅವನ ಶಿರಚ್ಛೇದ ಮಾಡಿದರು. ಲೆಕ್ಕದಲ್ಲಿ ಪಳಗಿದ ಆ ಕೈಯೇ ತಕ್ಕಡಿಯನ್ನು ಪ್ರಯೋಗಶಾಲೆಯ ಒಡೆಯನನ್ನಾಗಿ ಮಾಡಿತು. ಮುಚ್ಚಿ ಬಂದುಮಾಡಿದ ಗಾಜಿನ ಪಾತ್ರೆಯಲ್ಲಿ ಅವನು ತವರವನ್ನು ಕಾಯಿಸಿದನು. ತವರವು ಬೂದಿಯ ಬಣ್ಣದ ಪುಡಿಯಾಯಿತು; ಆದರೆ ಪಾತ್ರೆಯ ಒಟ್ಟು ತೂಕವು ಬದಲಾಗಲಿಲ್ಲ. ಹುದುಗುವ ದ್ರಾಕ್ಷಾರಸದಲ್ಲಿ ಮೊದಲಿಗೆ ಇದ್ದುದಕ್ಕೂ ಕಡೆಗೆ ದೊರೆತುದಕ್ಕೂ ತೂಕವು ಸಮವಾಗಿರಲೇಬೇಕೆಂದು ಹಿಡಿದು, ಬೀಜಗಣಿತದ ರೀತಿಯಲ್ಲಿ ನಡುವೆ ಸಮಚಿಹ್ನೆಯನ್ನಿಟ್ಟು ೧೭೮೯ರ ತನ್ನ ಗ್ರಂಥದಲ್ಲಿ ಬರೆದನು. ಏನೂ ಹೊಸದಾಗಿ ಹುಟ್ಟುವದಿಲ್ಲ, ಏನೂ ಇಲ್ಲದಂತಾಗುವದಿಲ್ಲ; ಬಂದದ್ದೆಲ್ಲ ಎಲ್ಲಿಯೋ ಜಮೆಯಾಗಿರಲೇಬೇಕು. ಅಂಕೆಗಳನ್ನು ಹೊಂದಿಸುವದರ ಅರ್ಥ ಇದು.

ಈ ಅರ್ಥವನ್ನು ಮಕ್ಕಳಿಗೆ ಮುಟ್ಟಿಸಲು ದೊಡ್ಡ ಪ್ರಯೋಗಶಾಲೆಯು ಬೇಕೆಂಬ ನೆವವನ್ನು ನಾವು ಒಪ್ಪುವದಿಲ್ಲ. ಎಲೆಯಡಿಕೆಯ ಸುಣ್ಣವಿಲ್ಲದ ಮನೆಯು ನಮ್ಮಲ್ಲಿ ಅಪರೂಪ. ಚಿಟಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ, ಕೆಳಗೆ ಕೂಡಲು ಬಿಟ್ಟು, ಮೇಲಿನ ತಿಳಿಯನ್ನು ಬೇರೆ ಲೋಟಕ್ಕೆ ಬಸಿದುಕೊಂಡು, ಒಂದು ಕೊಳವೆಯಿಂದ ಉಸಿರನ್ನು ಊದಿಸಿರಿ. ಊದಬೇಕೇ ಹೊರತು ಹೀರಬಾರದು. ತಿಳಿಯಾಗಿದ್ದ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಈಗ ಮಕ್ಕಳನ್ನು ಕೇಳಿರಿ: ಏನು ಹೋಯಿತು, ಏನು ಬಂತು? ಅಕ್ಷರ ಸಂಕೇತಗಳನ್ನು ಇನ್ನೂ ಬರೆಯಬೇಡಿರಿ. ಮೊದಲು ಕನ್ನಡದಲ್ಲಿ ಹೇಳಲಿ: ಸುಣ್ಣದ ತಿಳಿಯೂ ಉಸಿರಿನ ಇಂಗಾಲದ ಡೈಆಕ್ಸೈಡೂ ಕೂಡಿ ಸುಣ್ಣದ ಕಲ್ಲೂ ನೀರೂ ಆದವು. ನೀರಿನಲ್ಲಿ ಕಂಡ ಬಿಳುಪು ಆ ಕಲ್ಲಿನ ನುಣ್ಣನೆಯ ಪುಡಿಯೇ.

ಅಲ್ಲಿಂದ ಸುಣ್ಣದ ಭಟ್ಟಿಗೆ ಹೋಗಬಹುದು. ಸುಣ್ಣದ ಕಲ್ಲನ್ನು ಸುಟ್ಟರೆ ಸುಟ್ಟ ಸುಣ್ಣವೂ ಇಂಗಾಲದ ಡೈಆಕ್ಸೈಡೂ ಆಗುತ್ತವೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಭುಗಭುಗನೆ ಕುದಿದು ಅರಳಿದ ಸುಣ್ಣವಾಗುತ್ತದೆ. ಅದನ್ನು ಗೋಡೆಗೆ ಬಳಿದರೆ ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ಮರಳಿ ಸುಣ್ಣದ ಕಲ್ಲಾಗುತ್ತದೆ. ಮೂರು ಸಮೀಕರಣಗಳು, ಹೊರಟಲ್ಲಿಗೇ ಬಂದು ಸೇರಿದ ಒಂದು ಸುತ್ತು. ತೂಕವನ್ನು ನೋಡಿರಿ: ನೂರು ಸೇರು ಶುದ್ಧ ಕಲ್ಲಿನಿಂದ ೫೬ ಸೇರು ಸುಟ್ಟ ಸುಣ್ಣ, ಉಳಿದ ೪೪ ಸೇರು ಅನಿಲವಾಗಿ ಹೊರಟು ಹೋಯಿತು. ೫೬ ಸೇರು ಸುಣ್ಣವು ೧೮ ಸೇರು ನೀರನ್ನು ಕುಡಿದು ೭೪ ಸೇರಾಯಿತು. ಗೋಡೆಯ ಮೇಲೆ ಅದು ೪೪ ಸೇರು ಅನಿಲವನ್ನು ಮರಳಿ ಪಡೆದು, ಕುಡಿದ ೧೮ ಸೇರು ನೀರನ್ನು ಬಿಟ್ಟುಕೊಟ್ಟು ಪುನಃ ನೂರಾಯಿತು. ಭಟ್ಟಿಯಲ್ಲಿ ಕಲ್ಲು ಹಗುರವಾಗುವದೇಕೆಂದು ಸುಣ್ಣಗಾರನ ಮಗನು ಕೇಳಿದರೆ, ಉತ್ತರವು ಈ ಸಮೀಕರಣದಲ್ಲಿಯೇ ಇದೆ.

ಇನ್ನು, ಸರಿದೂಗಿದ್ದೆಲ್ಲ ನಿಜವಲ್ಲವೆಂಬ ಎರಡನೆಯ ಮಾತಿಗೆ ಬರುತ್ತೇವೆ. ಇಂಗ್ಲೆಂಡಿನ ಡಾಲ್ಟನ್ನನು ೧೮೦೮ರಲ್ಲಿ ಪರಮಾಣುವಾದದ ತನ್ನ ಗ್ರಂಥವನ್ನು ಹೊರತಂದಾಗ, ನೀರಿನಲ್ಲಿ ಜಲಜನಕದ ಒಂದು ಪರಮಾಣುವಿಗೆ ಆಮ್ಲಜನಕದ ಒಂದೇ ಪರಮಾಣು ಎಂದು ಎಣಿಸಿದನು. ಒಂದು ಮತ್ತು ಒಂದು ಸೇರಿ ಒಂದು ನೀರು. ಲೆಕ್ಕವು ಅಚ್ಚುಕಟ್ಟಾಗಿ ಕೂಡಿತು, ಆದರೆ ನಿಜವಾಗಿರಲಿಲ್ಲ. ಎರಡು ಪಾಲು ಜಲಜನಕದೊಡನೆ ಒಂದು ಪಾಲು ಆಮ್ಲಜನಕವು ಕೂಡಿ ಎರಡು ಪಾಲು ಹಬೆಯಾಗುವದನ್ನು ಗೇ-ಲುಸಾಕನು ಅಳೆದು ತೋರಿಸಿದ್ದನು. ಇದರ ಮರ್ಮವನ್ನು ಇಟಲಿಯ ಅವೊಗಾಡ್ರೊವು ೧೮೧೧ರಲ್ಲಿಯೇ ಬಿಡಿಸಿದನು. ಆದರೆ ಕೇಳುವವರು ಕಡಮೆ. ೧೮೬೦ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಕೂಡಿದ ರಸಾಯನಜ್ಞರ ಸಭೆಯಲ್ಲಿ ಕನ್ನಿಝಾರೊವು ಅದನ್ನು ಎತ್ತಿ ಹಿಡಿದ ಮೇಲೆಯೇ ಗೊಂದಲವು ತಿಳಿಯಾಗತೊಡಗಿತು. ಅರ್ಧ ಶತಮಾನದವರೆಗೆ ಪಂಡಿತರೇ ಕೂಡಿ ಬಂದ ಲೆಕ್ಕಕ್ಕೆ ಮೋಸಹೋಗಿದ್ದರೆ, ಹದಿನೈದರ ಹುಡುಗನು ಮೋಸಹೋಗುವದು ಆಶ್ಚರ್ಯವಲ್ಲ. ಆದಕಾರಣ ವಸ್ತುವು ಯಾವದು, ಅದರ ಸೂತ್ರವು ಯಾವದು ಎಂಬುದನ್ನು ಮೊದಲು ನಿಶ್ಚಯಿಸಿ ಆಮೇಲೆ ಅಂಕೆಗೆ ಕೈ ಹಾಕತಕ್ಕದ್ದು.

ಅಂಕೆಗೆ ಕೈ ಹಾಕುವದಕ್ಕೂ ಒಂದು ಕ್ರಮವುಂಟು. ಅಡಿಗೆಮನೆಯ ಅನಿಲವನ್ನೇ ತೆಗೆದುಕೊಳ್ಳೋಣ. ಸಿಲಿಂಡರಿನಲ್ಲಿರುವದು ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಬ್ಯುಟೇನಿನ ಒಂದು ಅಣುವಿನಲ್ಲಿ ಇಂಗಾಲದ ೪, ಜಲಜನಕದ ೧೦ ಪರಮಾಣುಗಳಿವೆ. ಇಂಗಾಲವನ್ನು ಮೊದಲು ಹೊಂದಿಸಿರಿ: ೪ ಅಣು ಇಂಗಾಲದ ಡೈಆಕ್ಸೈಡು. ಬಳಿಕ ಜಲಜನಕ: ೫ ಅಣು ನೀರು. ಒಂಟಿಯಾಗಿ ನಿಂತ ಆಮ್ಲಜನಕವನ್ನು ಕಡೆಗೆ ಇಡಿರಿ: ಎಂಟೂ ಐದೂ ಕೂಡಿ ೧೩ ಪರಮಾಣುಗಳು, ಅಂದರೆ ಆರೂವರೆ ಅಣು. ಅರ್ಧ ಅಣುವನ್ನು ಬರೆಯುವದು ವಾಡಿಕೆಯಲ್ಲವಾದ್ದರಿಂದ ಎಲ್ಲವನ್ನೂ ಇಮ್ಮಡಿಸಿರಿ:

ಎರಡು ಅಣು ಬ್ಯುಟೇನ್ + ಹದಿಮೂರು ಅಣು ಆಮ್ಲಜನಕ → ಎಂಟು ಅಣು ಇಂಗಾಲದ ಡೈಆಕ್ಸೈಡು + ಹತ್ತು ಅಣು ನೀರು.

ಇಲ್ಲಿಗೆ ಪಾಠವನ್ನು ನಿಲ್ಲಿಸಿದರೆ ಅದು ಒಣ ಲೆಕ್ಕ. ಇನ್ನೊಂದು ಹೆಜ್ಜೆ ಮುಂದೆ ಹೋಗಿರಿ. ೧೪.೨ ಕಿಲೋದ ಸಿಲಿಂಡರಿನಲ್ಲಿರುವದೆಲ್ಲ ಬ್ಯುಟೇನೆಂದೇ ಹಿಡಿದರೂ, ಅದು ಪೂರ್ತಿಯಾಗಿ ಉರಿಯಲು ಸುಮಾರು ೫೧ ಕಿಲೋ ಆಮ್ಲಜನಕವು ಬೇಕು. ಅಷ್ಟು ಆಮ್ಲಜನಕವು ೨೦೦ ಕಿಲೋಕ್ಕಿಂತ ಹೆಚ್ಚು ಗಾಳಿಯಲ್ಲಿ ಇರುತ್ತದೆ. ಹೊರಬೀಳುವದು ೪೩ ಕಿಲೋ ಇಂಗಾಲದ ಡೈಆಕ್ಸೈಡು, ೨೨ ಕಿಲೋ ನೀರಿನ ಆವಿ. ತಾಯಿಯು ಅಡಿಗೆ ಮಾಡುವಾಗ ಕಿಟಕಿಯನ್ನು ಯಾಕೆ ತೆರೆಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕೇ?

ಕಿಟಕಿಯನ್ನು ಮುಚ್ಚಿದರೆ ಏನಾಗುತ್ತದೆಂಬುದೇ ನಮ್ಮ ಕಡೆಯ ಮತ್ತು ಮುಖ್ಯವಾದ ಮಾತು. ಚಳಿಗಾಲದ ರಾತ್ರಿ ಇದ್ದಿಲ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ಮಲಗುವವರುಂಟು. ಇದ್ದಿಲಿಗೆ ಗಾಳಿಯು ಸಾಕಷ್ಟು ಸಿಕ್ಕಾಗ, ಇಂಗಾಲದ ಒಂದು ಪರಮಾಣುವೂ ಆಮ್ಲಜನಕದ ಒಂದು ಅಣುವೂ ಕೂಡಿ ಒಂದು ಅಣು ಡೈಆಕ್ಸೈಡು ಆಗುತ್ತದೆ. ಗಾಳಿಯು ಸಾಲದೆ ಬಂದಾಗ, ಇಂಗಾಲದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಅಣುವೂ ಕೂಡಿ ಎರಡು ಅಣು ಮೊನಾಕ್ಸೈಡು ಆಗುತ್ತದೆ. ಎರಡನ್ನೂ ಹಲಗೆಯ ಮೇಲೆ ಬರೆಯಿರಿ. ಎರಡೂ ಸರಿದೂಗಿವೆ, ಪರೀಕ್ಷೆಯಲ್ಲಿ ಎರಡಕ್ಕೂ ಪೂರ್ಣ ಮಾರ್ಕು. ಆದರೆ ಎರಡನೆಯ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನೆತ್ತರಿನ ಕೆಂಪು ದ್ರವ್ಯವನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಬಿಗಿದು ಹಿಡಿಯುತ್ತದೆ. ಮಲಗಿದವರು ಏಳುವದಿಲ್ಲ. ಯಾವ ಸಮೀಕರಣವು ನಡೆಯುವದೆಂಬುದನ್ನು ಅಂಕೆಗಳು ಹೇಳಲಾರವು. ಕೋಣೆಯ ಗಾಳಿಯು ಹೇಳುತ್ತದೆ. ಸರಿದೂಗಿಸಲು ಮಾತ್ರ ಕಲಿತು ಇದನ್ನು ಕಲಿಯದ ಹುಡುಗನು ರಸಾಯನಶಾಸ್ತ್ರವನ್ನು ಕಲಿತನೆಂದು ನಾವು ಹೇಳಲಾರೆವು.

ಸಂಕೇತಗಳು ಇಂಗ್ಲಿಷ್ ಅಕ್ಷರಗಳಾಗಿರುವಾಗ ಕನ್ನಡದಲ್ಲಿ ಹೇಳಿಸುವ ಶ್ರಮವೇಕೆಂದು ಕೆಲವರು ಕೇಳುತ್ತಾರೆ. ಆ ಸಂಕೇತಗಳು ಇಂಗ್ಲಿಷರ ಸೊತ್ತಲ್ಲ. ಸ್ವೀಡನ್ನಿನ ಬರ್ಜೀಲಿಯಸನು ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಲ್ಯಾಟಿನ್ ಹೆಸರುಗಳಿಂದ ಅವನ್ನು ಆಯ್ದನು. ಕಬ್ಬಿಣಕ್ಕೆ ಫೆರ್ರಮ್, ಬಂಗಾರಕ್ಕೆ ಔರಮ್. ಸಂಕೇತಗಳು ಲೋಕಕ್ಕೆಲ್ಲ ಒಂದೇ ಇರಲಿ. ಅವನ್ನು ಓದುವ ವಾಕ್ಯವು ಮಾತ್ರ ಮಗುವಿನ ಸ್ವಂತ ಮಾತಿನಲ್ಲಿರಬೇಕು. ಹೇಳಲು ಬಾರದ್ದನ್ನು ಬರೆದವನು ಬರಿಯ ನಕಲುಗಾರನಾಗುತ್ತಾನೆ.

ಪಾಠಗಳ ಹೊರೆಯೂ ಪರೀಕ್ಷೆಯ ಒತ್ತಾಯವೂ ಮಾಸ್ತರರ ಮೇಲೆ ಎಷ್ಟಿವೆಯೆಂಬುದನ್ನು ನಾವು ಬಲ್ಲೆವು. ಆದರೆ ನಾವು ಬೇಡುವದು ಹೆಚ್ಚಿನ ಪಾಠವನ್ನಲ್ಲ, ಕ್ರಮವನ್ನು: ಮೊದಲು ನೋಡಲಿ, ಆಮೇಲೆ ಕನ್ನಡದಲ್ಲಿ ಹೇಳಲಿ, ಆಮೇಲೆ ಸೂತ್ರವನ್ನು ಬರೆಯಲಿ, ಕಡೆಗೆ ಅಂಕೆಯನ್ನು ಹೊಂದಿಸಲಿ. ಇದಕ್ಕೆ ತಗಲುವ ಖರ್ಚು ಒಂದು ಚಿಟಿಕೆ ಸುಣ್ಣ, ಒಂದು ಲೋಟ ನೀರು. ಈ ವರ್ಷ ಒಂದು ತರಗತಿಯಲ್ಲಾದರೂ ಇದನ್ನು ಮಾಡಿ ನೋಡಬೇಕೆಂದು ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ. ಅಡಿಯ ಅಂಕೆಯನ್ನು ತಿದ್ದುವ ಹುಡುಗನು ಅಲ್ಲಿಯೂ ಎದ್ದು ನಿಲ್ಲುವನು. ಅವನ ಬರಹದ ಮೇಲೆ ಗೀಟು ಎಳೆಯುವ ಮೊದಲು, ಅವನು ಬರೆದದ್ದು ಯಾವ ವಸ್ತುವೆಂಬುದನ್ನು ಅವನಿಗೆ ಹೇಳಿರಿ.