ಜೆಟ್ಟೋ, ತಟ್ಟೆಯೋ?

ಸಂಜೆ ಹೊತ್ತು ಹೈದರಾಬಾದಿನ ಕೋಠಿ ಕಡೆಯ ತಾರಸಿಯೊಂದರಲ್ಲಿ ನಿಂತರೆ ಸುಲ್ತಾನ್ ಬಜಾರಿನದು ಒಂದೇ ಮೊರೆತ. ಬಟ್ಟೆ ಅಂಗಡಿಯ ಹುಡುಗನ ಕೂಗು ಯಾವುದು, ಆಟೋ ಹಾರ್ನ್ ಯಾವುದು ಎಂದು ಬಿಡಿಸಲಾಗದು. ಮಂಕಾದ ರೇಡಿಯೊ ಗ್ಯಾಲಕ್ಸಿಗಳ ಎಕ್ಸ್-ಕಿರಣದ ಪಾಡೂ ಇದೇ. ನಡುವೆ ಕಪ್ಪುಕುಳಿ, ಅದರತ್ತ ಸುತ್ತುತ್ತ ಬೀಳುವ ಅನಿಲದ ತಟ್ಟೆ, ಅಲ್ಲಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಚಿಮ್ಮುವ ಜೆಟ್, ಸುತ್ತಲೂ ಕೋಟಿ ಡಿಗ್ರಿ ಕಾವಿನ ಅನಿಲ. ತಟ್ಟೆ, ಜೆಟ್, ಬಿಸಿ ಅನಿಲ ಮೂರೂ ಎಕ್ಸ್-ಕಿರಣ ಸೂಸಬಲ್ಲವು. ಹಾಗಾದರೆ ನಟ್ಟನಡುವಿನ ಆ ಚುಕ್ಕೆಯ ಹೊಳಪು ಯಾರದು?

ಈ ಊರಿಗೆ ಎಕ್ಸ್-ಕಿರಣ ಖಗೋಳವಿಜ್ಞಾನ ಹೊಸದಲ್ಲ. ವಾತಾವರಣ ಆ ಕಿರಣಗಳನ್ನು ನೆಲಕ್ಕೆ ಬಿಡುವುದಿಲ್ಲ. ಹಾಗಾಗಿ 1968ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದಲೇ ಬಲೂನು ಹಾರಿಸಿ ಸ್ಕಾರ್ಪಿಯಸ್ ಎಕ್ಸ್-1ನ್ನು ಅಳೆದರು. ಆದರೆ ಬಲೂನು ಕಂಡದ್ದು ನಮ್ಮದೇ ಗ್ಯಾಲಕ್ಸಿಯ ಪ್ರಖರ ಜೋಡಿನಕ್ಷತ್ರವನ್ನು. ಹೊರಗಿನ ಗ್ಯಾಲಕ್ಸಿಯೊಂದರ ನಡುವನ್ನು ಸುತ್ತಲ ಬಿಸಿ ಅನಿಲದಿಂದ ಸ್ಪಷ್ಟವಾಗಿ ಬಿಡಿಸಿ ನೋಡಲು, ಅರ್ಧ ಆರ್ಕ್ ಸೆಕೆಂಡಿನಷ್ಟು ಚುರುಕುಗಣ್ಣಿನ ಚಂದ್ರಾ ದೂರದರ್ಶಕ 1999ರಲ್ಲಿ ಬರಬೇಕಾಯಿತು.

ಅನಿಲ ಬದಿಗೆ ಸರಿದ ಮೇಲೆ ಉಳಿದದ್ದು ಜೆಟ್ ಮತ್ತು ತಟ್ಟೆ. ರೇಡಿಯೊ ತಿರುಳು ಪ್ರಖರವಾದಷ್ಟೂ ಎಕ್ಸ್-ಕಿರಣವೂ ಪ್ರಖರ, ಆದ್ದರಿಂದ ಎರಡೂ ಜೆಟ್ಟಿನವೇ ಎಂಬ ವಾದ ಬಲವಾಗಿದೆ. ನನಗೆ ಇದೊಂದೇ ಸಾಲದು. ಬೀಳುವ ಅನಿಲ ಹೆಚ್ಚಿದರೆ ತಟ್ಟೆಯೂ ಹೊಳೆಯುತ್ತದೆ, ಜೆಟ್ಟೂ ಬಲಿಯುತ್ತದೆ. ಮೇಲಾಗಿ ದೂರದವುಗಳಲ್ಲಿ ಪ್ರಖರವಾದವು ಮಾತ್ರ ಕಣ್ಣಿಗೆ ಬೀಳುವುದರಿಂದ, ನಂಟೇ ಇಲ್ಲದ ಎರಡು ಅಳತೆಗಳೂ ಜೊತೆಜೊತೆಗೆ ಏರಿದಂತೆ ತೋರಬಹುದು.

ಎಂ87 ಕೊಡುವ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಈ ಮಂಕು ವರ್ಗದ ಗ್ಯಾಲಕ್ಸಿಯಲ್ಲಿ ಜೆಟ್ಟಿನ ಗಂಟುಗಳೇ ಬಿಡಿಬಿಡಿಯಾಗಿ ಎಕ್ಸ್-ಕಿರಣದಲ್ಲಿ ಕಾಣುತ್ತವೆ. ಎಚ್‌ಎಸ್‌ಟಿ-1 ಎಂಬ ಗಂಟು 2005ರ ಹೊತ್ತಿಗೆ ಹತ್ತಾರು ಪಟ್ಟು ಉರಿದು ನಡುಚುಕ್ಕೆಯನ್ನೇ ಮೀರಿಸಿತು. ಇಂಥ ಕಿರಣ ಸೂಸುವ ಎಲೆಕ್ಟ್ರಾನುಗಳು ಕೆಲವು ದಶಕಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ; ಜೆಟ್ಟಿನ ಉದ್ದವೋ ಸಾವಿರಾರು ಜ್ಯೋತಿರ್ವರ್ಷ. ನಡುವಿನಿಂದ ಹೊರಟವು ಅಷ್ಟು ದೂರ ಬಾಳಿ ಬರಲಾರವು, ದಾರಿಯಲ್ಲೇ ಮತ್ತೆ ಮತ್ತೆ ವೇಗ ಪಡೆಯಲೇಬೇಕು. ಇಷ್ಟು ದೂರದಲ್ಲೂ ಎಕ್ಸ್-ಕಿರಣ ಹುಟ್ಟಿಸುವ ಜೆಟ್ ತನ್ನ ಬುಡದಲ್ಲಿ ಸುಮ್ಮನಿದ್ದೀತೇ? ಮಂಕು ವರ್ಗದ ಬಹುತೇಕ ಗ್ಯಾಲಕ್ಸಿಗಳಲ್ಲಿ, ಹೊಳಪು ತಟ್ಟೆಯದಾಗಿದ್ದರೆ ಇರಬೇಕಿದ್ದ ದಟ್ಟ ಅನಿಲದ ಮರೆಯೂ ನಡುಚುಕ್ಕೆಗೆ ಕಾಣದು. ಪ್ರಖರ ವರ್ಗದ ಸಿಗ್ನಸ್ ಎ ಯಲ್ಲಿ ಆ ಮರೆ ಢಾಳಾಗಿ ಕಾಣುತ್ತದೆ.

ಹಾಗೆಂದು ತೀರ್ಪು ಬರೆದು ಮುಗಿಸುವಂತಿಲ್ಲ. ನಮಗೆ ಹತ್ತಿರದ ಸೆಂಟಾರಸ್ ಎ ಕೂಡ ಮಂಕು ವರ್ಗದ್ದೇ, ಆದರೆ ಅದರ ನಡುವಿಗೆ ದಟ್ಟ ಮರೆಯಿದೆ, ರೋಹಿತದಲ್ಲಿ ಬೀಳುವ ಅನಿಲದ ಸುಳಿವಾದ ಕಬ್ಬಿಣದ ಗೆರೆಯೂ ಇದೆ. ರೇಡಿಯೊದಲ್ಲಿ ಮಂಕು ಎಂಬ ಹಣೆಪಟ್ಟಿಗಿಂತ, ಕಪ್ಪುಕುಳಿಗೆ ಎಷ್ಟು ಅನಿಲ, ಯಾವ ಬಗೆಯಲ್ಲಿ ಬೀಳುತ್ತಿದೆ ಎಂಬುದನ್ನೇ ಮೊದಲು ಕೇಳಬೇಕೆಂದು ನನಗನ್ನಿಸುವುದು ಇದರಿಂದಲೇ.